ಡೆನೀಸ್ ಹೊರಗಿದ್ದ ಸೀಸನ್

ಮಾರ್ಚ್ ತಿಂಗಳಲ್ಲಿ ನಿಂತುಹೋಗಿದ್ದ ರಗ್ಬಿ ಲೀಗ್ ಮತ್ತೆ ಶುರುವಾಗುತ್ತದೆ ಎಂಬ ಸುದ್ದಿ ಬಂದ ಸಂಜೆ ಹೊಲ್ರಾಯ್ಡ್ ಮನೆಯವರೆಲ್ಲ ಅಡುಗೆಮನೆಯ ಮೇಜಿನ ಸುತ್ತ ಕೂತು ಕರಿದ ಮೀನು, ಚಿಪ್ಸ್ ತಿನ್ನುತ್ತಿದ್ದರು. ಸುದ್ದಿ ತಂದವನು ಮಗ ಜೋಯೆಲ್. ಮಿಕಲ್‌ರಾಯ್ಡ್ ಕ್ಲಬ್ಬಿನ ಮೊದಲ ತಂಡಕ್ಕೆ ಸೇರಿ ಎರಡು ವರ್ಷವಾಗಿತ್ತು, ಕರಾರು ಈ ವರ್ಷದ ಕೊನೆಗೆ ಮುಗಿಯುವುದಿತ್ತು. ಅರ್ಧ ಸೀಸನ್ ಊರೂರಿಗೂ ಹಬ್ಬಿದ ರೋಗದ ಪಾಲಾಗಿದ್ದರಿಂದ ತನ್ನ ಆಟ ತೋರಿಸಲು ಅವನಿಗೆ ಉಳಿದಿದ್ದು ಈ ಕೆಲವು ತಿಂಗಳು ಮಾತ್ರ.

"ಆಗಸ್ಟಿಂದ ಶುರು. ಜನ ಇರಲ್ಲ, ಖಾಲಿ ಮೈದಾನ. ಟಿವಿಗೆ ಮಾತ್ರ."

"ಖಾಲಿ ಆದ್ರೆ ಏನೀಗ?" ಎಂದ ತಾತ ಕ್ಲಿಫರ್ಡ್. "ನಮ್ಮ ಕಾಲದಲ್ಲಿ ಮಂಜು ಕವಿದ್ರೆ ಪಕ್ಕದಲ್ಲಿರೋನೇ ಕಾಣ್ತಿರ್ಲಿಲ್ಲ. ಜನ ಎಲ್ಲಿಂದ ಕಾಣ್ಬೇಕು? ಆದ್ರೂ ಆಡ್ತಿದ್ವಿ." ಇದೇ ಕ್ಲಬ್ಬಿಗೆ ಹದಿಮೂರು ಜನರಲ್ಲಿ ಮುಂದಿನ ಸಾಲಿನಲ್ಲಿ ನಿಂತು ಆಡಿದ ಮನುಷ್ಯ. ವಾರವಿಡೀ ಕಲ್ಲಿದ್ದಲ ಗಣಿ, ಶನಿವಾರ ರಗ್ಬಿ. ಈಗ ಎದೆಯೊಳಗೆ ಆ ಗಣಿಯ ಧೂಳು ಕೂತು, ಮೆಟ್ಟಿಲು ಹತ್ತಿದರೆ ಸಿಳ್ಳೆ ಹೊಡೆದ ಹಾಗೆ ಉಸಿರು ಬರುತ್ತಿತ್ತು.

ಜೋಯೆಲ್ ತಟ್ಟೆಯಲ್ಲಿದ್ದ ಬಟಾಣಿಯನ್ನು ಅತ್ತಿತ್ತ ದೂಡಿದ. "ಇನ್ನೊಂದಿದೆ. ವಾರವಾರ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡ್ತಾರೆ. ಮನೇಲಿ ಯಾರಾದ್ರೂ ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಕೆಲಸಕ್ಕೆ ಹೋಗ್ತಿದ್ರೆ, ಅವ್ರ ಜೊತೆ ಇರ್ಬಾರ್ದಂತೆ."

ಎಲ್ಲರೂ ಅವನ ತಾಯಿ ಡೆನೀಸಳತ್ತ ನೋಡಿದರು. ಗುಡ್ಡದ ಮೇಲಿನ ವೃದ್ಧಾಶ್ರಮದಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಆ ಏಪ್ರಿಲ್‌ನಲ್ಲಿ ಅಲ್ಲಿನ ಕಾರಿಡಾರೊಂದು ಪೂರ್ತಿ ಬರಿದಾಗಿತ್ತು. ಹೋದವರ ಕಣ್ಣು ಮುಚ್ಚಿಸಿದ್ದು ಹೆಚ್ಚಾಗಿ ಅವಳೇ.

"ಹಾಗಾದ್ರೆ ಜೋಯೆಲ್ ಒಂದಷ್ಟು ದಿನ ಬೇರೆ ಕಡೆ ಇರ್ಲಿ," ಎಂದಳು.

"ಅವನೆಲ್ಲಿಗೆ ಹೋಗ್ತಾನೆ?" ಗ್ಲೆನ್ ಚಮಚ ಇಟ್ಟ. ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡ ಒಂದು ಕಾಲದಲ್ಲಿ ಇದೇ ಕ್ಲಬ್ಬಿನ ಆಯ್ಕೆಗೆ ಹೋಗಿ ಮೂರು ಸಲ ವಾಪಸು ಬಂದವನು. "ನೀನು ಕೆಲಸ ಬಿಡು."

"ಅಲ್ಲಿ ಕೆಲಸಕ್ಕೆ ಜನಾನೇ ಇಲ್ಲ ಗ್ಲೆನ್. ಇರೋರಲ್ಲೂ ಅರ್ಧ ಮಂದಿ ಹಾಸಿಗೆ ಹಿಡಿದಿದಾರೆ. ನಾನೂ ಬಿಟ್ರೆ ಆ ವಯಸ್ಸಾದೋರಿಗೆ ಅನ್ನ ನೀರು ಕೊಡೋರ್ಯಾರು?"

"ಯಾರ್ಯಾರದೋ ಮುದುಕರ ಕುಂಡೆ ತೊಳೆಯೋದು ನಿಂಗೆ ಹೆತ್ತ ಮಗನಿಗಿಂತ ಹೆಚ್ಚಾಯ್ತಾ?"

"ಹುಷಾರು ಕಣೋ, ಆ ಮುದುಕರಲ್ಲಿ ನಾನೂ ಒಬ್ಬ," ಎಂದು ಕ್ಲಿಫರ್ಡ್ ಕೆಮ್ಮುತ್ತಲೇ ನಕ್ಕ. ಆಮೇಲೆ ಸೊಸೆಯ ಕಡೆ ತಿರುಗಿದ. "ಹುಡುಗ ಆಡ್ಲಿ, ಡೆನೀಸ್. ಅಷ್ಟೇ ನಾನು ಹೇಳೋದು."

"ಅಂಗಳದಲ್ಲಿ ಕ್ಯಾರವಾನ್ ಇದೆಯಲ್ಲ," ಎಂದಳು ಮಗಳು ಕರ್ಸ್ಟಿ, ಮೊಬೈಲಿನಿಂದ ತಲೆಯೆತ್ತದೆ. "ಅಮ್ಮ ಅಲ್ಲಿ ಮಲಗ್ಲಿ."

ಅವಳು ಹೇಳಿದ್ದು ತಮಾಷೆಗೆ. ಆದರೆ ಯಾರೂ ನಗಲಿಲ್ಲ. ಮರುದಿನವೇ ಗ್ಲೆನ್ ಕ್ಯಾರವಾನಿಗೆ ಮನೆಯಿಂದ ಕರೆಂಟಿನ ತಂತಿ ಎಳೆದ. ಬೇಸಿಗೆಯಲ್ಲಿ ಕಾರಿನ ಹಿಂದೆ ಕಟ್ಟಿ ಸಮುದ್ರತೀರಕ್ಕೆ ಎಳೆದುಕೊಂಡು ಹೋಗುತ್ತಿದ್ದ ಹಳೆಯ ಗಾಲಿ ಡಬ್ಬ ಅದು. ಒಳಗೆ ಎರಡು ಹೆಜ್ಜೆಯ ಜಾಗ, ಮೂಲೆಯಲ್ಲಿ ತಾನೇ ಎತ್ತಿ ಚೆಲ್ಲಬೇಕಾದ ಕಕ್ಕಸಿನ ಡಬ್ಬಿ. ಡೆನೀಸ್ ತನ್ನ ದಿಂಬು ತಂದಿಟ್ಟುಕೊಂಡಳು.

ಮೊದಲ ವಾರ ಎಲ್ಲರಿಗೂ ಅವಳ ಮೇಲೆ ಪ್ರೀತಿ ಉಕ್ಕಿತು. ಕರ್ಸ್ಟಿ ಬಿಸಿಬಿಸಿ ತಟ್ಟೆ ತಂದು ಮೆಟ್ಟಿಲ ಮೇಲಿಟ್ಟು ಬಾಗಿಲು ತಟ್ಟುತ್ತಿದ್ದಳು. ಜೋಯೆಲ್ ಕಿಟಕಿಯಿಂದ ಕೈಬೀಸುತ್ತಿದ್ದ. ಎರಡನೇ ವಾರಕ್ಕೆ ತಟ್ಟೆ ಆರಿ ಬರತೊಡಗಿತು. ಮೂರನೇ ವಾರ ತಟ್ಟೆಯನ್ನು ಕೇಳಿ ಪಡೆಯಬೇಕಾಯಿತು.

"ಎಲ್ಲಾ ನಾನೇ ಮಾಡ್ಬೇಕು," ಎಂದು ಕರ್ಸ್ಟಿ ಅಂಗಳದಲ್ಲೇ ನಿಂತು ರೇಗಿದಳು. "ಅಡುಗೆ ನಾನು, ಪಾತ್ರೆ ನಾನು, ಅವನ ಕೆಸರು ಬಟ್ಟೆ ನಾನು. ನೀನು ಹಾಯಾಗಿ ಇಲ್ಲಿ ಕಾಲು ಚಾಚ್ಕೊಂಡು ಕೂತಿದೀಯ."

"ಕೆಲಸ ಮುಗಿಸಿ ಈಗ ತಾನೇ ಬಂದೆ ಕಣೇ."

"ನಾನೇನ್ ಹೋಗು ಅಂದ್ನಾ?"

ಟಿವಿಯಲ್ಲಿ ಪಂದ್ಯ ಇದ್ದ ದಿನ ಡೆನೀಸ್ ಮುಂದಿನ ಕೋಣೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದಳು. ಒಳಗೆ ಕ್ಲಿಫರ್ಡ್ ಕುರ್ಚಿಯ ತುದಿಗೆ ಬಂದು ಕೂತು ಕೂಗುತ್ತಿದ್ದ, ಗ್ಲೆನ್ ಬಿಯರ್ ಡಬ್ಬಿ ಹಿಡಿದಿರುತ್ತಿದ್ದ. ಗಾಜಿನಾಚೆಯಿಂದ ಅವಳಿಗೆ ಮಾತು ಕೇಳುತ್ತಿರಲಿಲ್ಲ. ಖಾಲಿ ಗ್ಯಾಲರಿಯ ಮುಂದೆ ಮಗ ಚೆಂಡು ಅಪ್ಪಿಕೊಂಡು ಓಡುವುದು, ಇಬ್ಬರು ಅವನ ಸೊಂಟಕ್ಕೆ ಬಿದ್ದು ಕೆಡವುವುದು, ಅವನು ಎದ್ದು ಮತ್ತೆ ಓಡುವುದು ಮಾತ್ರ ಕಾಣುತ್ತಿತ್ತು. ಒಂದು ಸಂಜೆ ಜಿನುಗುಮಳೆಯಲ್ಲಿ ಹಾಗೆ ನಿಂತಿದ್ದಾಗ ಗ್ಲೆನ್ ಎದ್ದು ಬಂದು ಪರದೆ ಎಳೆದುಬಿಟ್ಟ.

ಅವಳು ಗಾಜು ತಟ್ಟಿದಳು. ಪರದೆ ಸ್ವಲ್ಪ ಸರಿಯಿತು.

"ನೀನು ನಿಂತ್ರೆ ಟಿವಿ ಮೇಲೆ ನೆರಳು ಬೀಳತ್ತೆ," ಎಂದು ಕೂಗಿ ಹೇಳಿ ಮತ್ತೆ ಎಳೆದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮನೆಯೊಳಗೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಗ್ಲೆನ್ ಅಂಗಡಿಯಲ್ಲಿದ್ದ, ಜೋಯೆಲ್ ತಾಲೀಮಿಗೆ ಹೋಗಿದ್ದ, ಕರ್ಸ್ಟಿ ಕಾಲೇಜಿನಲ್ಲಿದ್ದಳು. ಡೆನೀಸ್ ಕಿವಿಗೊಟ್ಟಳು. ಬಚ್ಚಲ ಕಿಟಕಿಯಿಂದ ಮಾವನ ದನಿ ಬಂತು.

"ಡೆನೀಸ್! ಏ ಹುಡುಗಿ, ಇದ್ದೀಯಾ?"

ಗ್ಲೆನ್‌ಗೆ ಫೋನ್ ಮಾಡಿದಳು, ಎತ್ತಲಿಲ್ಲ. ಕೆಲಸದ ಚೀಲದಿಂದ ಮುಖಗವಸು, ಕೈಗವಸು, ಪ್ಲಾಸ್ಟಿಕ್ ಮೇಲಂಗಿ ತೆಗೆದು ಹಾಕಿಕೊಂಡು ಒಳಗೆ ಹೋದಳು. ಮುದುಕ ಬಚ್ಚಲ ನೆಲದಲ್ಲಿ ಗೋಡೆಗೊರಗಿ ಬಿದ್ದಿದ್ದ. ಬಟ್ಟೆಯಲ್ಲೇ ಎಲ್ಲ ಆಗಿಬಿಟ್ಟಿತ್ತು. ಅವಳು ಅವನ ಕಂಕುಳಿಗೆ ಕೈಕೊಟ್ಟು ಎತ್ತಿದಳು, ಬಿಸಿನೀರಲ್ಲಿ ಒರೆಸಿದಳು, ಒಗೆದ ಬಟ್ಟೆ ಹಾಕಿ ಹಾಸಿಗೆಯ ಮೇಲೆ ಕೂರಿಸಿದಳು.

"ಮನೇಲಿ ಇಷ್ಟು ಗಂಡಸರಿದ್ರೂ ನನ್ನ ಎತ್ತೋಕೆ ನೀನೇ ಬೇಕಾಯ್ತು ನೋಡು," ಎಂದ.

"ತಲೆಗೇನಾದ್ರೂ ಪೆಟ್ಟಾಯ್ತಾ ಮಾವ?"

"ತಲೇಲಿ ಏನಿದೆ ಪೆಟ್ಟಾಗೋಕೆ? ಯಾರಿಗೂ ಹೇಳ್ಬೇಡ, ತಿಳೀತಾ? ನಾನು ಬಿದ್ದೆ ಅಂತ ಗೊತ್ತಾದ್ರೆ ಗ್ಲೆನ್ ನನ್ನನ್ನ ನಿನ್ನ ಗುಡ್ಡದ ಮೇಲಕ್ಕೆ ಸಾಗಹಾಕ್ತಾನೆ."

ಅವಳು ಹೇಳಲಿಲ್ಲ. ಬಾಗಿಲ ಹಿಡಿಗಳನ್ನೆಲ್ಲ ಒರೆಸಿ, ಮೇಲಂಗಿಯನ್ನು ಕಸದ ಚೀಲಕ್ಕೆ ಕಟ್ಟಿ ಹಾಕಿ ಹೊರಗೆ ಬಂದಳು.

ಅದೇ ವಾರ ಮಿಕಲ್‌ರಾಯ್ಡ್ ದೊಡ್ಡ ತಂಡವೊಂದನ್ನು ಸೋಲಿಸಿತು. ಗೆಲುವಿನ ಪಾಯಿಂಟ್ ತಂದವನು ಜೋಯೆಲ್. ಪೇಟೆಯೆಲ್ಲ ಅವನ ಹೆಸರು ಹೇಳಿತು. ಮುಂದಿನ ವಾರದ ಪರೀಕ್ಷೆಯಲ್ಲಿ ಅವನಿಗೆ ರೋಗ ಇದೆಯೆಂದು ಬಂತು. ಹುಡುಗನಿಗೆ ಮೂಗು ಕಟ್ಟಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅವನಿಗೆ ಮೂಗು ಬಿಡುವಷ್ಟರಲ್ಲಿ ತಾತನನ್ನು ಆಂಬುಲೆನ್ಸ್ ಕರೆದುಕೊಂಡು ಹೋಯಿತು.

ಗ್ಲೆನ್ ಕ್ಯಾರವಾನಿನ ಬಾಗಿಲನ್ನು ಮುಷ್ಟಿಯಿಂದ ಗುದ್ದಿದ.

"ಒಳಗೆ ಬಂದಿದ್ಯಾ ನೀನು?"

ಡೆನೀಸ್ ಬಾಗಿಲು ತೆರೆದಳು.

"ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳ್ದ. ಬಿದ್ದಿದ್ನಂತೆ. ನೀನು ಬಂದು ಎತ್ತಿದ್ಯಂತೆ. 'ನಾನೇ ಕರೆದದ್ದು, ಅವಳನ್ನ ಬೈಬೇಡ' ಅಂತಾನೆ. ಉಸಿರಾಡೋಕೆ ಆಗ್ತಿಲ್ಲ, ಆದ್ರೂ ನಿನ್ನ ಪರ ವಕಾಲತ್ತು."

"ಮೈ ಪೂರ್ತಿ ಮುಚ್ಕೊಂಡು ಬಂದಿದ್ದೆ. ನಂಗೆ ರೋಗ ಇಲ್ಲ ಗ್ಲೆನ್. ಆಶ್ರಮದಲ್ಲಿ ವಾರವಾರ ನೋಡ್ತಾರೆ. ಒಂದು ಸಲಾನೂ ಬಂದಿಲ್ಲ."

"ಪರೀಕ್ಷೆ ಎಷ್ಟೋ ಸಲ ತಪ್ಪು ಬರತ್ತೆ."

"ಜೋಯೆಲ್‌ಗೆ ಕ್ಲಬ್ಬಲ್ಲೇ ಅಂಟಿರ್ಬಹುದಲ್ಲ?"

"ಕ್ಲಬ್ಬಿನೋರು ಕೇಳಿದ್ರು. ಅವನು ಮನೆ, ಮೈದಾನ ಬಿಟ್ಟು ಎಲ್ಲೂ ಹೋಗಿಲ್ಲ. 'ಅಮ್ಮ ಒಳಗೆ ಬಂದಿದ್ರು' ಅಂತ ಹೇಳಿದಾನೆ. ಇದ್ದದ್ದು ಇದ್ದ ಹಾಗೆ."

ಕ್ಲಿಫರ್ಡ್ ಮನೆಗೆ ಮರಳಲಿಲ್ಲ. ಕೊನೆಗೆ ನರ್ಸ್ ಒಬ್ಬಳು ಅವನ ಕಿವಿಗೆ ಫೋನ್ ಹಿಡಿದಳು, ಈ ಕಡೆ ಗ್ಲೆನ್, ಜೋಯೆಲ್, ಕರ್ಸ್ಟಿ ಸರದಿಯಲ್ಲಿ ಮಾತಾಡಿದರು. ಡೆನೀಸಳಿಗೆ ಫೋನ್ ಕೊಡಲಿಲ್ಲ. ಅವಳು ಅಂಗಳದಲ್ಲಿ ನಿಂತು, ತೆರೆದ ಕಿಟಕಿಯಿಂದ ಗಂಡ ಬಿಕ್ಕಿ ಅಳುವುದನ್ನು ಕೇಳಿ ವಿಷಯ ತಿಳಿದುಕೊಂಡಳು. ಮುದುಕನನ್ನು ತಾನೇ ಕೊಂದೆನೇನೋ ಎಂದು ಅವಳಿಗೂ ಅನ್ನಿಸತೊಡಗಿತು. ಕೈಗವಸು ಎಲ್ಲಾದರೂ ಹರಿದಿತ್ತೇ, ಮುಖಗವಸು ಜಾರಿತ್ತೇ ಎಂದು ಕೆಲಸದ ನಡುವೆ ನಿಂತುಬಿಡುತ್ತಿದ್ದಳು.

ಶವಸಂಸ್ಕಾರಕ್ಕೆ ಮೂವತ್ತು ಜನರಿಗೆ ಮಾತ್ರ ಅನುಮತಿ.

"ನೀನು ಒಳಗೆ ಬರ್ಬೇಡ," ಎಂದ ಗ್ಲೆನ್. "ಕ್ಲಬ್ಬಿನ ಹಳೇ ಆಟಗಾರರು ಬರ್ತಾರೆ. ಅವ್ರಿಗೆ ನಾನು ಮುಖ ತೋರಿಸ್ಬೇಕು."

"ಇಪ್ಪತ್ತೈದು ವರ್ಷ ಅವರಿಗೆ ಅಡುಗೆ ಮಾಡಿ ಹಾಕಿದೀನಿ ಗ್ಲೆನ್."

"ಅದನ್ನ ಯಾರೂ ಇಲ್ಲ ಅನ್ನಲ್ಲ."

ಕ್ಲಬ್ಬಿನ ಕೆಂಪು ಅಂಗಿ ತೊಟ್ಟ ಜನ ರಸ್ತೆಯುದ್ದಕ್ಕೂ ನಿಂತು, ಶವದ ಗಾಡಿ ಹೋಗುವಾಗ ಗೌರವಕ್ಕೆಂದು ಚಪ್ಪಾಳೆ ತಟ್ಟಿದರು. ಡೆನೀಸ್ ಬಸ್ ಸ್ಟಾಪಿನ ಹತ್ತಿರ ಅವರ ನಡುವೆಯೇ ನಿಂತು ತಟ್ಟಿದಳು. ಪಕ್ಕದಲ್ಲಿದ್ದ ಹೆಂಗಸು ಅವಳ ಗುರುತು ಹಿಡಿದು ಗಂಡನ ತೋಳು ಎಳೆದಳು.

"ಇವಳೇ ಕಣ್ರೀ. ಆ ಆಶ್ರಮದ ರೋಗಾನ ಮನೆಗೆ ತಂದೋಳು."

ಇಬ್ಬರೂ ದೂರ ಸರಿದು ನಿಂತರು.

ಒಮ್ಮೆ ರೋಗ ಬಂದು ಹೋದವನಿಗೆ ಮೂರು ತಿಂಗಳು ಪರೀಕ್ಷೆ ಬೇಕಿಲ್ಲವಂತೆ. ಹಾಗಾಗಿ ಜೋಯೆಲ್ ಮತ್ತೆ ಆಡಲು ಹೋದ, ಡೆನೀಸಳನ್ನೂ ಮನೆಯೊಳಗೆ ಸೇರಿಸಿಕೊಂಡರು. ಸೇರಿಸಿಕೊಂಡ ದಿನವೇ ಕರ್ಸ್ಟಿ ಅಡುಗೆಮನೆಯಿಂದ ಕೈತೊಳೆದುಕೊಂಡಳು.

ಅಕ್ಟೋಬರಿನ ಕೊನೆಯಲ್ಲಿ ಒಂದು ಬೆಳಗ್ಗೆ ಬಾಗಿಲ ಹೊರಗೆ ಸೆಮಿಸಿ ನಿಂತಿದ್ದ. ಟೋಂಗಾ ದ್ವೀಪದವನು, ತಂಡದಲ್ಲಿ ಎಲ್ಲರಿಗಿಂತ ದೊಡ್ಡ ಆಳು. ಬಾಗಿಲ ಚೌಕಟ್ಟು ಅವನ ಭುಜಕ್ಕೆ ಸಾಲದು. ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ.

"ನನ್ನ ಹೆಂಡ್ತಿ ಮೆಲೆ ಮಾಡಿದ್ದು, ಆಂಟಿ. ಮಾಂಸ, ತೆಂಗಿನಹಾಲು, ಎಲೇಲಿ ಸುತ್ತಿ ಬೇಯಿಸಿದ್ದು. ನಮ್ಮ ಕೆಸುವಿನೆಲೆ ಇಲ್ಲಿ ಸಿಗಲ್ಲ, ಪಾಲಕ್ ಹಾಕಿದಾಳೆ. ಬೇಗ ಬರೋಕಾಗ್ಲಿಲ್ಲ, ಕ್ಷಮಿಸಿ. ನಾವೂ ಎಲ್ಲಾ ಮಲಗಿದ್ವಿ, ಮಕ್ಕಳಿಗೂ ಬಂದಿತ್ತು."

"ಅಯ್ಯೋ. ಈಗ ಹೇಗಿದಾರೆ?"

"ಚೆನ್ನಾಗಿದಾರೆ. ಆದ್ರೆ ನಂಗೆ ನಿದ್ದೆ ಬರಲ್ಲ ಆಂಟಿ." ಅವನ ಕಣ್ಣು ತುಂಬಿತು. "ಆ ಸಂಜೆ ನಾನು ಬಾಗಿಲು ತೆಗೀಬಾರ್ದಿತ್ತು. ಗೆದ್ದ ಖುಷೀಲಿ ಜೋಯೆಲ್ ಜೊತೆ ಹುಡುಗ್ರೆಲ್ಲ ಬಂದ್ರು, ಬಿಯರ್ ತಂದಿದ್ರು, ಇಸ್ಪೀಟು ಆಡೋಣ ಅಂದ್ರು. ಹೋಗ್ರಪ್ಪ ಅನ್ನೋಕೆ ಬಾಯಿ ಬರ್ಲಿಲ್ಲ. ಅದೇ ರೋಗಾನ ಜೋಯೆಲ್ ತಾತನಿಗೆ ತಂದ. ದಿನಾ ಪ್ರಾರ್ಥನೆ ಮಾಡ್ತೀನಿ."

ಎಲ್ಲ ಅವಳಿಗೆ ಗೊತ್ತಿದೆ ಎಂದೇ ಅವನು ಮಾತಾಡುತ್ತಿದ್ದ. ಡೆನೀಸ್ ಪಾತ್ರೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮಗ ಮನೆಗೆ ಬಂದಾಗ ಅವಳು ಅವನ ಕೋಣೆಯಲ್ಲೇ ಕೂತಿದ್ದಳು.

"ಇಸ್ಪೀಟು ಆಡೋಕೆ ಹೋಗಿದ್ಯಂತೆ."

ಜೋಯೆಲ್ ಬಾಗಿಲು ಮುಚ್ಚಿದ. "ಯಾರು ಹೇಳಿದ್ದು?"

"ಹೋಗಿದ್ಯೋ ಇಲ್ವೋ?"

"ಎಲ್ರೂ ಹೋಗಿದ್ರು ಅಮ್ಮ. ಕ್ಲಬ್ಬಿಗೆ ಗೊತ್ತಾದ್ರೆ ಕಿತ್ತು ಬಿಸಾಕ್ತಾರೆ. ಮುಂದಿನ ವಾರ ಹೊಸ ಕರಾರಿಗೆ ಸಹಿ. ಎರಡು ವರ್ಷ ಕೊಡ್ತಿದಾರೆ." ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ತಾತ ಇದ್ದಿದ್ರೂ ಬಾಯ್ಮುಚ್ಕೊಂಡಿರು ಅಂತಿದ್ದ. ನಿಜ ತಾನೇ?"

ಅದು ನಿಜವೆಂದು ಅವಳಿಗೂ ಗೊತ್ತಿತ್ತು.

"ಕ್ಲಬ್ಬಿಗೆ ಬೇಡ. ನಿಮ್ಮಪ್ಪನಿಗೆ ಹೇಳು. ಭಾನುವಾರದ ಊಟಕ್ಕೆ ಮುಂಚೆ ಹೇಳು, ಸಾಕು."

ಭಾನುವಾರ ಅವಳು ದನದ ಮಾಂಸ ಹುರಿದಳು, ಆಲೂಗಡ್ಡೆ ಬೇಯಿಸಿದಳು, ಹಿಟ್ಟು ಮೊಟ್ಟೆ ಕಲಸಿ ಯಾರ್ಕ್‌ಶರ್ ಪುಡ್ಡಿಂಗ್ ಉಬ್ಬಿಸಿದಳು. ಎಲ್ಲರೂ ಕೂತರು. ಜೋಯೆಲ್ ತಟ್ಟೆ ತುಂಬಿಸಿಕೊಂಡು ಗಬಗಬನೆ ತಿಂದ. ಗ್ಲೆನ್ ಬಿಯರ್ ಲೋಟ ಎತ್ತಿದ.

"ಎರಡು ವರ್ಷದ ಕರಾರು! ಅಪ್ಪ ನೋಡ್ಬೇಕಿತ್ತು. ಕೆಲವ್ರು ಅಡ್ಡಗಾಲು ಹಾಕಿದ್ರೂ ಹುಡುಗ ಗೆದ್ದ."

ಡೆನೀಸ್ ಮಗನನ್ನು ನೋಡಿದಳು. ಅವನು ಗ್ರೇವಿ ಕೊಡು ಎಂದು ತಂಗಿಗೆ ಕೈಚಾಚಿದ.

"ಅವನು ಸೆಮಿಸಿ ಮನೇಲಿ ಇಸ್ಪೀಟು ಆಡಿ ರೋಗ ಅಂಟಿಸ್ಕೊಂಡು ಬಂದ ಗ್ಲೆನ್," ಎಂದಳು. "ನಾನಲ್ಲ ತಂದಿದ್ದು. ಇವನು."

ಗ್ಲೆನ್ ಲೋಟ ಕೆಳಗಿಟ್ಟ. ಮೀಸೆಯ ನೊರೆ ಒರೆಸಿಕೊಂಡ.

"ಗೊತ್ತು," ಎಂದ.

"ಏನ್ ಗೊತ್ತು?"

"ಪರೀಕ್ಷೇಲಿ ರೋಗ ಅಂತ ಬಂದ ದಿನಾನೇ ನಂಗೆ ಹೇಳ್ದ."

ಡೆನೀಸ್ ಕರ್ಸ್ಟಿಯ ಕಡೆ ತಿರುಗಿದಳು. ಹುಡುಗಿ ತಟ್ಟೆ ನೋಡುತ್ತ ಕೂತಿದ್ದಳು.

"ನಿಂಗೂ?"

"ಅಪ್ಪ ಹೇಳ್ಬೇಡ ಅಂದಿದ್ದು."

"ಹಾಗಾದ್ರೆ ಅವತ್ತು ನನ್ನನ್ನ ಬಸ್ ಸ್ಟಾಪಲ್ಲಿ ನಿಲ್ಸಿದ್ದು?"

"ಇಡೀ ಪೇಟೆ ಕೇಳ್ತಿತ್ತು, ಹೇಗ್ ಬಂತು, ಹೇಗ್ ಬಂತು ಅಂತ," ಎಂದ ಗ್ಲೆನ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಟೈರ್ ಯಾಕೆ ಬದಲಿಸಬೇಕೆಂದು ಗಿರಾಕಿಗೆ ಹೇಳುವ ಹಾಗಿತ್ತು. "ಯಾರನ್ನಾದ್ರೂ ಒಬ್ರನ್ನ ತೋರಿಸ್ಬೇಕಿತ್ತು ಡೆನ್. ಅವನಿಗೆ ಇನ್ನೂ ಹತ್ತು ವರ್ಷ ಆಟ ಇದೆ. ನಿನ್ನ ಕೈಯಿಂದ ಹೋಗೋದೇನಿತ್ತು? ನಿನ್ನ ಕೆಲಸ ಯಾರೂ ಕಿತ್ಕೊಳ್ಳಲ್ಲ, ಆ ಕೆಲಸ ಯಾರಿಗೂ ಬೇಡ."

"ಮಾವನಿಗಾದ್ರೂ ನಿಜ ಹೇಳಿದ್ಯಾ?"

ಗ್ಲೆನ್ ಮಾಂಸ ಕತ್ತರಿಸಿದ. "ಸಾಯೋ ಮನುಷ್ಯನಿಗೆ ಅದೆಲ್ಲಾ ಯಾಕೆ?"

ಸೋಮವಾರ ಬೆಳಗ್ಗೆ ಎಂದಿನಂತೆ ಕ್ಲಬ್ಬಿನಿಂದ ಸ್ಟೂ ಫೋನ್ ಮಾಡಿದ. ಆಟಗಾರರ ಮನೆಗಳ ಆರೋಗ್ಯ ವಿಚಾರಿಸುವುದು ಅವನ ಕೆಲಸ. ಯಾರಿಗಾದರೂ ಜ್ವರ ಇದೆಯಾ, ಕೆಮ್ಮಿದೆಯಾ ಎಂದು ಕೇಳಿದ. ಕೊನೆಗೆ, "ನಾವು ತಿಳ್ಕೊಬೇಕಾದ್ದು ಇನ್ನೇನಾದ್ರೂ ಇದೆಯಾ ಡೆನೀಸ್?" ಎಂದ. ಅವನು ಪ್ರತಿ ವಾರ ಕೇಳುವ ಮಾತು ಅದು, ಅವಳು ಪ್ರತಿ ವಾರ ಇಲ್ಲ ಅನ್ನುತ್ತಿದ್ದಳು.

"ಇದೆ," ಎಂದಳು.

ಸೆಮಿಸಿಯ ಹೆಸರು ಹೇಳಲಿಲ್ಲ. ಪಂದ್ಯ ಗೆದ್ದ ಮೇಲೆ ಮಗ ನಿಯಮ ಮುರಿದು ಇಸ್ಪೀಟು ಆಡಲು ಹೋಗಿದ್ದ ಎಂದಷ್ಟೇ ಹೇಳಿದಳು. ಫೋನಿಟ್ಟ ಮೇಲೆ ಬಹಳ ದಿನದ ನಂತರ ಕೂತು ಬಿಸಿ ಚಹಾ ಕುಡಿದಳು.

ಗುರುವಾರ ಜೋಯೆಲ್ ಬಂದವನು ಬೂಟಿನ ಚೀಲವನ್ನು ಗೋಡೆಗೆಸೆದ.

"ಸಮಾಧಾನ ಆಯ್ತಾ? ತಿಂಗಳ ಸಂಬಳ ದಂಡ ನಂಗೆ. ಸೆಮಿಸೀನ ತೆಗೆದುಬಿಟ್ರು."

"ಸೆಮಿಸೀನಾ? ಅವನ ಹೆಸರು ನಾನು ಹೇಳೇ ಇಲ್ಲ."

"ಯಾರ ಮನೆ ಅಂತ ಕೇಳಿದ್ರು. ಹೇಳ್ದೆ. ಯಾರು ಕರೆದದ್ದು ಅಂದ್ರು." ಅವನು ಮುಖ ತಿರುಗಿಸಿದ. "ಅವನೇ ಕರೆದ ಅಂದೆ."

"ನೀವೇ ಬಿಯರ್ ಹಿಡ್ಕೊಂಡು ಅವನ ಬಾಗಿಲಿಗೆ ಹೋಗಿದ್ದು!"

"ಯಾರಾದ್ರೂ ಒಬ್ರು ಹೋಗ್ಬೇಕಿತ್ತು. ನೀನೇ ತಾನೇ ಶುರು ಮಾಡಿದ್ದು?"

ಜೋಯೆಲನ ಕರಾರು ಉಳಿಯಿತು. ಊರ ಹುಡುಗ, ತಾತ ಕ್ಲಬ್ಬಿನ ಹಳೆ ಹುಲಿ. ದೂರದ ದ್ವೀಪದಿಂದ ಬಂದವನ ಪರವಾಗಿ ಯಾರು ಮಾತಾಡಬೇಕು? ಅವನು ಇದ್ದ ಮನೆ ಕ್ಲಬ್ಬಿನದು. ಈ ದೇಶದಲ್ಲಿ ಇರಲು ಅವನಿಗಿದ್ದ ಅನುಮತಿಯೂ ಆ ಕೆಲಸದ್ದೇ. ವಾಪಸು ಹೋಗೋಣವೆಂದರೆ ಟೋಂಗಾ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ಸದ್ಯಕ್ಕೆ ರಾಚ್‌ಡೇಲ್‌ನ ಚಿಕ್ಕಪ್ಪನ ಮಗನ ಮನೆಯ ಒಂದು ಕೋಣೆಗೆ ಸಂಸಾರ ಸಾಗಿಸುತ್ತಾರೆ ಎಂದು ಗ್ಲೆನ್ ಎಲ್ಲಿಂದಲೋ ಕೇಳಿ ಬಂದು ಹೇಳಿದ.

ಶನಿವಾರ ಡೆನೀಸ್ ಸೆಮಿಸಿಯ ಮನೆಗೆ ಹೋದಳು. ಬಾಗಿಲ ಮುಂದೆ ವ್ಯಾನು ನಿಂತಿತ್ತು. ಮೂರು ಮಕ್ಕಳು ಹಾಸಿಗೆಯೊಂದರ ಮೇಲೆ ಕುಣಿಯುತ್ತಿದ್ದವು, ಅದನ್ನು ಇನ್ನೂ ವ್ಯಾನಿಗೆ ಹಾಕಿರಲಿಲ್ಲ. ಮೆಲೆ ಪೆಟ್ಟಿಗೆಯೊಂದಕ್ಕೆ ಅಂಟುಪಟ್ಟಿ ಸುತ್ತುತ್ತಿದ್ದವಳು ತಲೆಯೆತ್ತಿ ನೋಡಿ ಮತ್ತೆ ಸುತ್ತತೊಡಗಿದಳು. ದಾರಿಯುದ್ದಕ್ಕೂ ಡೆನೀಸ್ ತಪ್ಪೊಪ್ಪಿಕೊಳ್ಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು.

ಸೆಮಿಸಿ ಅವಳನ್ನು ಕಂಡು ಹೊರಗೆ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಆಂಟಿ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಆ ಸಂಜೆ ವಿಷಯ ನಾನು ಹೊರಗಿನೋರಲ್ಲಿ ನಿಮಗೊಬ್ರಿಗೇ ಹೇಳಿದ್ದು. ಕ್ಲಬ್ಬಿಗೆ ನೀವೇನಾದ್ರೂ..."

ಮೆಲೆಯ ಕೈ ಅಂಟುಪಟ್ಟಿಯ ಮೇಲೆ ನಿಂತಿತು. ಮಕ್ಕಳು ಕುಣಿಯುವುದನ್ನು ಬಿಟ್ಟು ನೋಡಿದವು.

"ನಾನಲ್ಲಪ್ಪ," ಎಂದಳು ಡೆನೀಸ್. "ನಾನ್ಯಾಕೆ ಹೇಳ್ಲಿ? ಜೋಯೆಲ್ ಹೇಳಿರೋದು."

ಸೆಮಿಸಿ ಉಸಿರು ಬಿಟ್ಟ. "ನಂಗೊತ್ತಿತ್ತು," ಎಂದು ಹೆಂಡತಿಯ ಕಡೆ ತಿರುಗಿದ. "ಹೇಳಿದ್ನಲ್ಲ, ಆಂಟಿ ಅಂಥೋರಲ್ಲ ಅಂತ." ಆಮೇಲೆ ಅವಳ ತಲೆಯ ಮೇಲೆ ಆ ದೊಡ್ಡ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅವಳಿಗೂ ಅವಳ ಮನೆಗೂ ಒಳ್ಳೆಯದಾಗಲಿ ಎಂದು ತನ್ನ ಭಾಷೆಯಲ್ಲಿ ಪ್ರಾರ್ಥಿಸಿದ. ಮೆಲೆ ಕಣ್ಣು ಮುಚ್ಚಲಿಲ್ಲ. ಡೆನೀಸಳ ಮುಖವನ್ನೇ ನೋಡುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಡೆನೀಸ್ ತೋಳು ಮಡಚಿ, ಮಕ್ಕಳನ್ನು ಹಾಸಿಗೆಯಿಂದ ಇಳಿಸಿ, ಅದರ ಒಂದು ತುದಿ ಹಿಡಿದಳು. ಇನ್ನೊಂದು ತುದಿಗೆ ಮೆಲೆ ಬಂದಳು. ಇಬ್ಬರೂ ಅದನ್ನು ಎತ್ತಿಕೊಂಡು ವ್ಯಾನಿನ ಕಡೆ ನಡೆದರು.